ಎಸ್‌ಎಲ್‌ಆರ್, ಇನ್ಸಾಸ್, ಎಕೆ: ಮೂರನ್ನೂ ಹೊತ್ತ ಹೆಗಲಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಸೈನ್ಯದಲ್ಲಿ ನಾನು ಹೊತ್ತ ಈ ಮೂರು ರೈಫಲ್‌ಗಳಲ್ಲಿ (ಹಳೇ ಎಸ್‌ಎಲ್‌ಆರ್, ನಮ್ಮ ದೇಶದ್ದೇ ಆದ ಇನ್ಸಾಸ್, ರಷ್ಯಾ ಮೂಲದ ಎಕೆ) ನನ್ನ ಓಟು ಎಕೆಗೆ. ಇದು ಗೊತ್ತಾದ ಮೇಲೂ ಓದುವ ಮನಸ್ಸಿದ್ದರೆ ಮುಂದೆ ಓದಿ. ಕಾರಣ ಹೇಳೋಕೆ ಸ್ವಲ್ಪ ಜಾಗ ಬೇಕು. ಅದರಲ್ಲಿ ಜಾಸ್ತಿ ಪಾಲು ಒಂದು ಪ್ಲಾಸ್ಟಿಕ್ ಮ್ಯಾಗಜೀನಿಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, ಹೋಗುತ್ತದೆ.

ಇದನ್ನು ಬರೆಯೋಕೆ ನೆಪ ನನ್ನ ಅಣ್ಣನ ಮಗ. ಅಗ್ನಿವೀರನಾಗಿ ಸೇರಿ, ಟ್ರೇನಿಂಗ್ ಮುಗಿಸಿ, ಈಗ ಯೂನಿಟ್ ಸೇರಿದ್ದಾನೆ. ಒಂದು ಭಾನುವಾರ ಫೋನ್ ಮಾಡಿ, "ಚಿಕ್ಕಪ್ಪಾ, ನೀವು ಮೂರನ್ನೂ ಹಿಡಿದಿದ್ದೀರಲ್ಲ, ಯಾವುದು ಒಳ್ಳೇದು?" ಅಂದ. "ನಿನ್ನ ಕೇಳಿ ಕೊಡ್ತಾರೇನೋ?" ಅಂದೆ. ನಕ್ಕ. ಅಂಗಡಿಗೆ ಹೋಗಿ ನಾಲ್ಕು ನೋಡಿ ಒಂದು ತರುವ ಸಾಮಾನಲ್ಲ ಇದು. ಆಯುಧ ಇಡುವ ಕೋತ್ ಮುಂದೆ ಸಾಲಲ್ಲಿ ನಿಲ್ಲಬೇಕು, ರೈಫಲ್ ಹಿಂಬದಿಯ ಬಟ್ ನಂಬರ್ ಕೂಗಿದಾಗ ಕೈ ಚಾಚಬೇಕು, ಕೊಟ್ಟದ್ದನ್ನು ತಗೊಂಡು ಬರಬೇಕು. ರಿಟೈರ್ ಆಗಿ ಇಷ್ಟು ವರ್ಷವಾದರೂ ನನ್ನ ಮೂರು ರೈಫಲ್‌ಗಳ ಬಟ್ ನಂಬರ್ ಬಾಯಲ್ಲೇ ಇವೆ. ಮನೆಯ ಗ್ಯಾಸ್ ಕನ್ಸ್ಯೂಮರ್ ನಂಬರ್ ಮಾತ್ರ ಇವತ್ತಿಗೂ ಬರೆದಿಟ್ಟ ಚೀಟಿ ನೋಡಿಯೇ ಹೇಳೋದು.

ನಾನು 1994ರಲ್ಲಿ ಪದಾತಿ ದಳಕ್ಕೆ ಸೇರಿದವನು. ಟ್ರೇನಿಂಗ್ ಪೂರ್ತಿ ಎಸ್‌ಎಲ್‌ಆರ್. ಆಮೇಲೆ ಕಾಶ್ಮೀರದಲ್ಲಿ ಎಕೆ ಸಿಕ್ಕಿತು. ಕಾರ್ಗಿಲ್ ಆದ ಮೇಲೆ ನಮ್ಮ ಪಲ್ಟನ್‌ಗೆ ಇನ್ಸಾಸ್ ಬಂತು. ಮತ್ತೆ ಉಗ್ರರ ವಿರುದ್ಧ ಕಾದಾಡುವ ಸೈನ್ಯದ ಪಡೆಯಾದ ರಾಷ್ಟ್ರೀಯ ರೈಫಲ್ಸ್‌ಗೆ ಹೋದಾಗ ಮತ್ತೆ ಎಕೆ. ಹವಾಲ್ದಾರ್ ಆಗಿ ಹೊರಗೆ ಬಂದೆ. ಗುಂಡಿನ ವೇಗ ಎಷ್ಟು, ನಿಮಿಷಕ್ಕೆ ಎಷ್ಟು ಹಾರುತ್ತದೆ, ಇದೆಲ್ಲ ಎಲ್ಲಿ ಬೇಕಾದರೂ ಸಿಗುತ್ತದೆ, ಇಲ್ಲಿ ಬರೆಯಲ್ಲ. ನನಗೆ ಬೇಕಾದದ್ದು ಮೂರೇ. ಟ್ರಿಗರ್ ಎಳೆದರೆ ಗುಂಡು ಹೋಗುತ್ತದಾ? ಹೋಗದಿದ್ದರೆ ಎಷ್ಟು ಸೆಕೆಂಡಲ್ಲಿ ಸರಿ ಮಾಡಬಹುದು? ದಿನವಿಡೀ ಹೊತ್ತುಕೊಂಡು ನಡೆಯಬಹುದಾ?

ಎಸ್‌ಎಲ್‌ಆರ್ ಬಗ್ಗೆ ಬೇಗ ಮುಗಿಸುತ್ತೇನೆ. ಅದರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅದು ತೊಂದರೆ ಕೊಟ್ಟಿದ್ದು ಕಡಿಮೆ, ಹಾಗಾಗಿ ಕತೆಯೂ ಕಡಿಮೆ. 1962ರಲ್ಲಿ ನಮ್ಮ ಹಿರಿಯರು ಒಂದೊಂದು ಗುಂಡಿಗೂ ಗುಂಡು ಒಳಗೆ ನೂಕುವ ಬೋಲ್ಟ್ ಅನ್ನು ಕೈಯಲ್ಲಿ ಎಳೆಯಬೇಕಿದ್ದ .303 ರೈಫಲ್ ಹಿಡಿದು ಹಿಮಾಲಯದಲ್ಲಿ ನಿಂತಿದ್ದರು. ಆ ಯುದ್ಧದ ಮೇಲೆ ಬಂದದ್ದು ಎಸ್‌ಎಲ್‌ಆರ್. 1971ರಲ್ಲಿ ಕಾಲಾಳುಗಳ ಕೈಯಲ್ಲಿದ್ದದ್ದು ಇದೇ. ಉದ್ದ ಒಂದು ಮೀಟರ್ ದಾಟುತ್ತದೆ. ತೂಕ ಖಾಲಿ ಇದ್ದಾಗಲೇ ನಾಲ್ಕೂಕಾಲು ಕೆಜಿ ಮೇಲೆ. ಒದೆತ ಎಂಥದ್ದು ಅಂದರೆ, ಗುಂಡು ಹೊಡೆದು ಕಲಿಯುವ ರೇಂಜಿನ ಮೊದಲ ವಾರ ನನ್ನ ಬಲಹೆಗಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಉಸ್ತಾದ್ ನೋಡಿ, "ರೈಫಲ್ ಒದೀತಿಲ್ಲ, ನೀನೇ ದೂರ ಇಟ್ಕೊಂಡು ಒದೆಸ್ಕೋತಿದ್ದೀಯಾ" ಅಂತ ತಮ್ಮ ಹಿಂದಿಯಲ್ಲಿ ಬೈದರು. ನಿಜ. ಬಟ್ ಅನ್ನು ಹೆಗಲಿಗೆ ಒತ್ತಿ ಹಿಡಿದ ದಿನದಿಂದ ನೋವು ನಿಂತಿತು, ಗ್ರೂಪಿಂಗೂ (ಗುಂಡುಗಳು ಒತ್ತೊತ್ತಾಗಿ ಬೀಳೋದು) ಸುಧಾರಿಸಿತು.

ಎಸ್‌ಎಲ್‌ಆರ್ ಕೆಟ್ಟರೆ ಅದಕ್ಕೊಂದು ಮರ್ಯಾದೆ ಇತ್ತು. ದಿಢೀರ್ ಅಂತ ಕೈಕೊಡುತ್ತಿರಲಿಲ್ಲ. ಪಿಸ್ಟನ್‌ಗೆ ಮಸಿ ಕಟ್ಟಿದರೆ ಮೊದಲು ಸೋಮಾರಿಯಾಗುತ್ತಿತ್ತು, ಗುಂಡಿನ ಖಾಲಿ ಕೋಶ, ಅದೇ ಖೋಖಾ, ಸರಿಯಾಗಿ ಹಾರುತ್ತಿರಲಿಲ್ಲ. ಆಗ ಗ್ಯಾಸ್ ರೆಗ್ಯುಲೇಟರ್ ಒಂದೆರಡು ಮನೆ ತಿರುಗಿಸಿ ಪಿಸ್ಟನ್‌ಗೆ ಜಾಸ್ತಿ ಗ್ಯಾಸ್ ಕೊಟ್ಟರೆ ಮತ್ತೆ ಕೆಲಸ ಶುರು. ನಿಂತಲ್ಲೇ, ಏನೂ ಬಿಚ್ಚದೆ.

ಹಾಗಾದರೆ ಅದನ್ನು ಯಾಕೆ ಬಿಟ್ಟರು? ಒಂದೊಂದೇ ಗುಂಡು, ಮ್ಯಾಗಜೀನಿಗೆ 20. 1987ರಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂದವರು ನಾನು ಸೇರಿದಾಗ ಪಲ್ಟನ್‌ನಲ್ಲಿ ಹವಾಲ್ದಾರ್, ನಾಯಬ್ ಸುಬೇದಾರ್ ಆಗಿದ್ದರು. ಆ ಕಾಡಿನಲ್ಲಿ ಎದುರಿನ ಎಲ್‌ಟಿಟಿಇಯವನು 20 ಹೆಜ್ಜೆ ದೂರದಿಂದ ಎಕೆಯಲ್ಲಿ ಮಳೆಗರೆಯುತ್ತಾನೆ, ಇವರು ಗಿಡಕ್ಕೆ ಸಿಕ್ಕಿಕೊಳ್ಳುವ ಉದ್ದ ಬ್ಯಾರೆಲ್ ತಿರುಗಿಸಿ ಒಂದೊಂದೇ ಹೊಡೆಯಬೇಕು. ರೈಫಲ್ ಕೆಟ್ಟಿತು ಅಂತ ಅವರಲ್ಲಿ ಯಾರೂ ದೂರಲಿಲ್ಲ. ಜಾಗಕ್ಕೆ ಹೊಂದಲಿಲ್ಲ ಅಂದರು, ಅಷ್ಟೇ. 1990ರ ದಶಕದ ಶುರುವಿನಲ್ಲಿ ಪೂರ್ವ ಯುರೋಪಿನ ದೇಶಗಳಿಂದ ಎಕೆ ತರಿಸಿದ್ದರ ಹಿಂದೆ ಈ ಅನುಭವವೂ ಇತ್ತು, ಕಾಶ್ಮೀರದ ಬೆಂಕಿಯೂ ಇತ್ತು.

ಈಗ ಇನ್ಸಾಸ್.

ಮೊದಲು ಅದರ ಒಳ್ಳೆಯದನ್ನು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ನನ್ನ ಇಡೀ ಸರ್ವೀಸ್‌ನಲ್ಲಿ ರೇಂಜಿನಲ್ಲಿ ಅತಿ ಒಳ್ಳೆಯ ಗ್ರೂಪಿಂಗ್ ಬಂದದ್ದು ಇನ್ಸಾಸ್‌ನಲ್ಲೇ. 5.56 ಮಿ.ಮೀ. ಗುಂಡು, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಗುಂಡು ಹೊಡೆದ ಮೇಲೂ ಗುರಿ ಕಣ್ಣ ಮುಂದೆಯೇ ಇರುತ್ತದೆ. ಎಸ್‌ಎಲ್‌ಆರ್‌ನಿಂದ ಬಂದವನಿಗೆ ಎತ್ತಿನ ಗಾಡಿಯಿಂದ ಇಳಿದು ಸೈಕಲ್ ಹತ್ತಿದ ಹಾಗೆ. 300 ಮೀಟರ್‌ನಲ್ಲಿ ಎಕೆಯವನು ಬೆವರುತ್ತಿದ್ದರೆ ಇನ್ಸಾಸ್‌ನವನು ಆರಾಮಾಗಿ ಹೊಡೆದು ಬರುತ್ತಿದ್ದ.

ಒಳಗೆ ಬಿಚ್ಚಿ ನೋಡಿದರೆ ಇದು ಎಕೆಯ ನೆಂಟನೇ. ಬೋಲ್ಟ್ ಜತೆಗೇ ಓಡಾಡುವ ಉದ್ದ ಪಿಸ್ಟನ್ ಎಕೆಯ ಕಡೆಯಿಂದ ಬಂದದ್ದು. ಗ್ಯಾಸ್ ರೆಗ್ಯುಲೇಟರ್ ಎಸ್‌ಎಲ್‌ಆರ್ ಕಡೆಯಿಂದ. ಅಪ್ಪನ ಮೂಗು, ಅಮ್ಮನ ಕಣ್ಣು ಅಂತಾರಲ್ಲ, ಹಾಗೆ. ಗಟ್ಟಿಮುಟ್ಟಾದ ಎರಡು ಮನೆತನದಿಂದ ಬಂದ ಮಗು ಯಾಕೆ ಕೈಕೊಟ್ಟಿತು? ನನ್ನ ಮಟ್ಟಿಗೆ ಉತ್ತರ ಮ್ಯಾಗಜೀನ್.

ಇನ್ಸಾಸ್ ಮ್ಯಾಗಜೀನ್ ಪ್ಲಾಸ್ಟಿಕ್. ಅರೆಪಾರದರ್ಶಕ, ಒಳಗೆ ಎಷ್ಟು ಗುಂಡು ಉಳಿದಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಮೊದಲ ದಿನ ಎಲ್ಲರೂ ಅದನ್ನು ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ತೂಕವೂ ಇಲ್ಲ. ಕೆಳಗಿನ ಬಿಸಿಲಿನ ರೇಂಜಿನಲ್ಲಿ ಒಂದು ತಕರಾರೂ ಬರಲಿಲ್ಲ. ಆಮೇಲೆ ಬೆಟ್ಟ ಹತ್ತಿದೆವು.

ಆ ಪೋಸ್ಟ್ ಹೆಸರು ಬೇಡ. ಎತ್ತರ ಜಾಸ್ತಿ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಮ. ಮೊದಲ ಮ್ಯಾಗಜೀನ್ ಒಡೆದದ್ದು ಡಿಸೆಂಬರ್‌ನಲ್ಲಿ, ಸೆಂಟ್ರಿ ಬದಲಾಗುವಾಗ. ದಪ್ಪ ಗ್ಲೌಸ್ ಹಾಕಿದ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಸೊಂಟದ ಎತ್ತರ ಅಷ್ಟೇ. ಬಳೆ ಒಡೆದ ಸದ್ದು. ಎತ್ತಿ ನೋಡಿದರೆ ಕೆಳಗಿನ ಮೂಲೆಯೇ ಹಾರಿಹೋಗಿ ಸ್ಪ್ರಿಂಗ್ ಹೊರಗೆ ಇಣುಕುತ್ತಿತ್ತು. ಗುಂಡುಗಳು ಹಿಮದಲ್ಲಿ ಚೆಲ್ಲಿದ್ದವು. ಟಾರ್ಚ್ ಹಾಕುವ ಹಾಗಿಲ್ಲ, ಮಂಡಿಯೂರಿ ಕೈಯಾಡಿಸಿ 17 ಹುಡುಕಿದೆ. ಉಳಿದದ್ದು ಬೆಳಕಾದ ಮೇಲೆ.

ಹೀಗೆ ಒಡೆದರೆ ಕಷ್ಟವಿಲ್ಲ, ಕಣ್ಣಿಗೆ ಕಾಣುತ್ತದೆ. ಇನ್ನೊಂದು ತಗೋಬಹುದು, ಸ್ಟೋರ್‌ನವರ ಹತ್ತಿರ ಬೈಸಿಕೊಂಡು ಲಾಸ್ ಸ್ಟೇಟ್‌ಮೆಂಟ್ ಬರೆದರೆ ಆಯಿತು. "ಫಿರ್ ತೋಡ್ ದಿಯಾ?" ಅನ್ನೋದು ಆ ಚಳಿಗಾಲದಲ್ಲಿ ನಾವು ಅತಿ ಜಾಸ್ತಿ ಕೇಳಿದ ಮಾತು. ಏನೋ ನಾವು ಬೇಕಂತಲೇ ಕಲ್ಲಿಗೆ ಕುಟ್ಟಿ ಒಡೆದ ಹಾಗೆ. ಕಷ್ಟ ಇದ್ದದ್ದು ಕಾಣದ ಒಡಕಿನಲ್ಲಿ. ಮ್ಯಾಗಜೀನಿನ ಬಾಯಿಯಲ್ಲಿ ಎರಡು ತುಟಿ ಇರುತ್ತವೆ, ಗುಂಡನ್ನು ಸರಿಯಾದ ಕೋನದಲ್ಲಿ ಅವುಚಿ ಹಿಡಿಯೋದು ಅವೇ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ಒಳಗಿನ ಸ್ಪ್ರಿಂಗ್ ಮೇಲಕ್ಕೆ ನೂಕುತ್ತಲೇ ಇರುತ್ತದೆ, ತುಟಿ ಅಗಲವಾಗುತ್ತದೆ, ಗುಂಡು ಮೂತಿ ಎತ್ತಿ ನಿಲ್ಲುತ್ತದೆ. ಬೋಲ್ಟ್ ಬಂದು ಅದಕ್ಕೆ ಗುದ್ದಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇದು ನನಗೆ ರೇಂಜಿನಲ್ಲಿ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಮುಂದಿನ ವರ್ಷ, ಸೆಪ್ಟೆಂಬರ್ ಕೊನೆ. ಬೆಟ್ಟದ ತೊರೆಯ ಒಂದು ನಾಲೆಯ ಮೇಲಂಚಿನಲ್ಲಿ ಐದು ಜನ ಅಂಬುಷ್ ಹಾಕಿ ಕೂತಿದ್ದೆವು. ಇಬ್ಬರ ಹತ್ತಿರ ಎಕೆ, ನನ್ನದೂ ಸೇರಿ ಉಳಿದವು ಇನ್ಸಾಸ್. ಎರಡು ರಾತ್ರಿ ಏನೂ ಇಲ್ಲ. ಮೂರನೇ ರಾತ್ರಿ ಕೆಳಗಡೆ ಕಲ್ಲು ಉರುಳಿದ ಸದ್ದು. ಸುಮ್ನೆ ಉರುಳೋ ಕಲ್ಲು ಒಂದೇ ಸಲ ಉರುಳುತ್ತದೆ. ಇದು ಉರುಳಿ, ನಿಂತು, ಮತ್ತೆ ಉರುಳಿತು. ಸಾಹೇಬ್ರು ಮೊದಲ ಗುಂಡು ಹೊಡೆದರು. ನಾನು ಎರಡು ಹೊಡೆದೆ. ಮೂರನೆಯದಕ್ಕೆ ಟ್ರಿಗರ್ ಸತ್ತುಹೋಗಿತ್ತು.

ಕತ್ತಲು. ಬಲಗಡೆಯ ಕಿಂಡಿಯಲ್ಲಿ ಬೆರಳಿಟ್ಟೆ. ಹಿತ್ತಾಳೆ ತಾಗಿತು, ಮೂತಿ ಮೇಲಕ್ಕೆ. ಮ್ಯಾಗಜೀನ್ ಎಳೆದೆ, ಅದರ ಜತೆ ಎರಡು ಗುಂಡು ತಾವಾಗಿಯೇ ಉದುರಿ ಕಲ್ಲಿನ ಮೇಲೆ ಟಣ್ ಟಣ್ ಅಂದವು. ಎಡಗೈಯಲ್ಲಿ ಬೋಲ್ಟ್ ಹಿಂದಕ್ಕೆ ತರುವ ಕಾಕಿಂಗ್ ಹ್ಯಾಂಡಲ್ ಎಳೆದು ರೈಫಲ್ ಮಗ್ಗುಲಾಗಿಸಿ ಅಲುಗಾಡಿಸಿದೆ, ಸಿಕ್ಕಿಕೊಂಡದ್ದು ಬಿತ್ತು. ಪೌಚ್ ಬಿಚ್ಚಿ ಬೇರೆ ಮ್ಯಾಗಜೀನ್, ಮತ್ತೆ ಕಾಕ್. ಓದೋಕೆ ಎಷ್ಟು ಹೊತ್ತಾಯಿತೋ ಅಷ್ಟೇ ಹೊತ್ತು ಇರಬಹುದು. ನನಗೆ ಅನ್ನಿಸಿದ್ದು ಮಾತ್ರ ಬೇರೆ. ನನ್ನ ಎಡಗಡೆ ಎಕೆ ಹಿಡಿದವನು ಮಾತ್ರ ನಿಲ್ಲಿಸಲೇ ಇಲ್ಲ, ಎರಡೆರಡು, ಎರಡೆರಡು, ಅದೇ ತಾಳದಲ್ಲಿ ಹೊಡೆಯುತ್ತಲೇ ಇದ್ದ. ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಬಂದವರು ವಾಪಸ್ ಇಳಿದುಹೋದರು.

ಬೆಳಿಗ್ಗೆ ಆ ಮ್ಯಾಗಜೀನ್ ನೋಡಿದೆ. ನೋಡಿದರೆ ಏನೂ ಇಲ್ಲ. ಬೆಳಕಿಗೆ ಹಿಡಿದರೂ ಇಲ್ಲ. ಹೆಬ್ಬೆರಳಿನ ಉಗುರನ್ನು ತುಟಿಯ ಮೇಲೆ ಮೆಲ್ಲಗೆ ಆಡಿಸಿದೆ. ಹಿಂಬದಿಯ ಮೂಲೆಯಲ್ಲಿ ಉಗುರು ತಡೆಯಿತು. ಅಷ್ಟೇ. ಆ ದಿನದಿಂದ ಡ್ಯೂಟಿಗೆ ಹೋಗುವ ಮುಂಚೆ ಇದ್ದ ಆರೂ ಮ್ಯಾಗಜೀನ್‌ಗಳ ತುಟಿಗೆ ಉಗುರಾಡಿಸೋದು ನನಗೆ ಚಟವಾಯಿತು. ಜತೆಯವರು, "ಮೀಸೆ ತೀಡ್ತಿದ್ದಾನೆ" ಅಂತ ನಗುತ್ತಿದ್ದರು. ಆಮೇಲೆ ಅವರೂ ಶುರು ಮಾಡಿದರು.

ಮಾಡದ ಉಪಾಯ ಇಲ್ಲ. ಕರೆಂಟಿನವರ ಕಪ್ಪು ಟೇಪ್ ಸ್ವಂತ ದುಡ್ಡಲ್ಲಿ ತರಿಸಿ ಮೈಗೆ ಸುತ್ತಿದೆವು. ಇನ್ಸ್‌ಪೆಕ್ಷನ್ ಬಂದರೆ ಟೇಪ್ ಬಿಚ್ಚು, ಹೋದರೆ ಮತ್ತೆ ಸುತ್ತು. 20ರ ಬದಲು 18 ತುಂಬಿದರೆ ತುಟಿಗೆ ಒತ್ತಡ ಕಡಿಮೆ ಅಂತ 18 ತುಂಬಿದೆವು. ಕೆಲವರು ಸ್ಲೀಪಿಂಗ್ ಬ್ಯಾಗ್ ಒಳಗೆ ಮಗು ಮಲಗಿಸಿದ ಹಾಗೆ ಮ್ಯಾಗಜೀನ್ ಮಲಗಿಸಿಕೊಳ್ಳುತ್ತಿದ್ದರು. ಒಂದು ರೈಫಲ್ ಸಾಕೋಕೆ ಇಷ್ಟು ಪಾಡಾ ಅನ್ನಿಸುತ್ತಿತ್ತು.

ಇನ್ಸಾಸ್‌ನ ಬೇರೆ ದೂರುಗಳು ನಿಮಗೂ ಗೊತ್ತಿರಬಹುದು. ಗುಂಡು ಹೊಡೆದಾಗ ಎಣ್ಣೆ ಹಿಂದಕ್ಕೆ ಸಿಡಿದು ಕಣ್ಣಿಗೆ ಬೀಳೋದು: ನನಗೆ ಆಗಿದೆ, ಎಣ್ಣೆ ಕಡಿಮೆ ಹಾಕಿದರೆ ನಿಲ್ಲುತ್ತದೆ. ಮೂರು ಗುಂಡಿನ ಬರ್ಸ್ಟ್‌ಗೆ ಇಟ್ಟರೆ ನಿಲ್ಲದೆ ಹೊಡೆಯೋದು: ನನ್ನ ಕೈಯಲ್ಲಿ ಆಗಿಲ್ಲ, ಪಕ್ಕದವನ ಕೈಯಲ್ಲಿ ನೋಡಿದ್ದೇನೆ. ಆಮೇಲೆ ಬಂದವು ಎಷ್ಟೋ ವಾಸಿ. ಟ್ರೇನಿಂಗ್‌ನಲ್ಲಿ ಇವತ್ತಿನ ಹುಡುಗರು ಹಿಡಿಯೋದನ್ನು ನೋಡಿದರೆ ನನ್ನ ದೂರು ಅವರಿಗೆ ಅಜ್ಜಿ ಕತೆ ಅನ್ನಿಸಬಹುದು.

ನಾನೊಬ್ಬನೇ ಗೊಣಗುತ್ತಿಲ್ಲ. 1999ರಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿ ಇದನ್ನು ಹಿಡಿದು ಹತ್ತಿದವರಿಂದ ಇವೇ ಮಾತು ಬಂದಿದ್ದವು: ಜಾಮ್ ಆಗುತ್ತದೆ, ಚಳಿಗೆ ಮ್ಯಾಗಜೀನ್ ಸೀಳುತ್ತದೆ. ಆಗ ಈ ರೈಫಲ್ ಸೈನ್ಯಕ್ಕೆ ಹೊಸದು. ಹೊಸ ಚಪ್ಪಲಿ ಹಾಕಿಕೊಂಡು ಬೆಟ್ಟ ಹತ್ತಿದ ಹಾಗಾಯಿತು. 2005ರ ಆಗಸ್ಟ್‌ನಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯ ಪಿಲಿ ಎಂಬಲ್ಲಿ ಮಾವೋವಾದಿಗಳ ದಾಳಿಯಲ್ಲಿ ಅಲ್ಲಿನ ಸೈನ್ಯದ 43 ಜನ ಸತ್ತರು. ಗಂಟೆಗಟ್ಟಲೆ ನಡೆದ ಕಾಳಗದಲ್ಲಿ ಇನ್ಸಾಸ್ ಕಾದು ಕೈಕೊಟ್ಟಿತು ಅಂತ ನೇಪಾಳದವರು ದೂರಿದರು, ಬಳಸಿದ ರೀತಿ ಸರಿಯಿಲ್ಲ ಅಂತ ನಮ್ಮ ಕಡೆಯಿಂದ ಉತ್ತರ ಹೋಯಿತು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇರಬಹುದು ಅಂತ ನನ್ನ ಲೆಕ್ಕ. ನಕ್ಸಲ್ ಕಾಡುಗಳಲ್ಲಿದ್ದ ಸಿಆರ್‌ಪಿಎಫ್‌ನವರೂ 2014ರಲ್ಲಿ ಇದನ್ನು ಬದಲಿಸಿ ಅಂತ ಕೇಳಿದರು.

ಬಳಸೋ ರೀತಿ ಅಂದೆನಲ್ಲ, ಅಲ್ಲಿ ನನ್ನ ತಪ್ಪೂ ಒಂದಿದೆ. ಅದು ಎಕೆಯಲ್ಲಿ ಆದದ್ದು. ಹೌದು, ನನ್ನ ಮೆಚ್ಚಿನ ಎಕೆಯೂ ಒಂದು ಸಲ ನಿಂತಿದೆ. ಹೊರಗಿನ ಚಳಿಯಿಂದ ಬಂದವನು ರೈಫಲ್ ಸಮೇತ ಬಂಕರ್ ಒಳಗೆ ಬುಖಾರಿ ಒಲೆಯ ಪಕ್ಕ ಕೂತೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ ಕಬ್ಬಿಣ ಒಳಗೂ ಹೊರಗೂ ಬೆವರಿತು. ನಾನು ಹೊರಗೆ ಮಾತ್ರ ಒರೆಸಿದೆ. ಎರಡು ಗಂಟೆ ಬಿಟ್ಟು ಮತ್ತೆ ಹೊರಗೆ ಹೋದಾಗ ಒಳಗಿನ ನೀರು ಮಂಜಾಗಿ ಬೋಲ್ಟ್ ಕಚ್ಚಿಕೊಂಡಿತ್ತು. ಕಾಲಲ್ಲಿ ಒದ್ದು ಬಿಡಿಸಬೇಕಾಯಿತು. ಸಾಹೇಬ್ರು ನನ್ನನ್ನೂ ಒದೆಯದೆ ಬಿಟ್ಟದ್ದು ಪುಣ್ಯ. ಆಮೇಲೆ ಕಲಿತೆ: ಚಳಿಯಲ್ಲಿ ರೈಫಲ್ ಹೊರಗೇ ಇರಬೇಕು, ಅಥವಾ ಒಳಗೆ ತಂದರೆ ಪೂರ್ತಿ ಬಿಚ್ಚಿ ಒರೆಸಬೇಕು. ಎಣ್ಣೆಯೂ ಹೆಸರಿಗಷ್ಟೇ. ಜಾಸ್ತಿ ಹಾಕಿದರೆ ಚಳಿಗೆ ಜೇನಿನ ಹಾಗೆ ಮಂದವಾಗಿ ಬೋಲ್ಟ್ ಓಡಾಟವೇ ನಿಧಾನವಾಗುತ್ತದೆ. ಮೂರು ರೈಫಲ್‌ಗೂ ಇದು ಒಂದೇ ನಿಯಮ.

ದೊಡ್ಡ ದೊಡ್ಡ ದೇಶದವರೂ ಇದರಲ್ಲಿ ಬಿದ್ದಿದ್ದಾರೆ. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರಿಗೆ ಎಂ16 ರೈಫಲ್ ಕೊಟ್ಟ ಮೊದಲ ವರ್ಷಗಳ ಪಾಡು ನಮ್ಮದಕ್ಕಿಂತ ಘೋರ. ಗುಂಡಿನ ಮದ್ದು ಬದಲಾಯಿಸಿದ್ದರು, ಅದರ ಮಸಿ ಜಾಸ್ತಿ. ಗುಂಡು ಕೂರುವ ಚೇಂಬರ್‌ಗೆ ಕ್ರೋಮ್ ಲೇಪ ಇರಲಿಲ್ಲ, ಅಲ್ಲಿನ ತೇವಕ್ಕೆ ತುಕ್ಕು ಹಿಡಿಯಿತು. ಇದಕ್ಕೆ ಕ್ಲೀನಿಂಗೇ ಬೇಡ ಅನ್ನೋ ಹಾಗೆ ಎಷ್ಟೋ ಜನರಿಗೆ ಕ್ಲೀನಿಂಗ್ ಕಿಟ್ಟೂ ಕೊಟ್ಟಿರಲಿಲ್ಲ. ಖೋಖಾ ಚೇಂಬರ್‌ನಲ್ಲೇ ಕಚ್ಚಿಕೊಂಡರೆ ಬ್ಯಾರೆಲ್ ಮುಂದಿನಿಂದ ಸರಳು ತೂರಿಸಿ ಕುಟ್ಟಿ ತೆಗೆಯಬೇಕು, ಗುಂಡು ಹಾರುತ್ತಿರುವಾಗ! 1967ರಲ್ಲಿ ಅವರ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು. ಚೇಂಬರ್‌ಗೆ ಕ್ರೋಮ್ ಬಂತು, ಕಿಟ್ ಬಂತು, ಅದೇ ರೈಫಲ್ ಆಮೇಲೆ ದಶಕಗಟ್ಟಲೆ ನಡೆಯಿತು. ಇದನ್ನು ಓದಿದಾಗ ನಮ್ಮ ಇನ್ಸಾಸ್ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ.

ಎಕೆಗೆ ಬರುತ್ತೇನೆ. ಮೊದಲು ಅದರ ಕೊಳಕು ಗುಣಗಳು.

ಸೇಫ್ಟಿ ಲಿವರ್ ಬಲಗಡೆ, ಉದ್ದದ ತಗಡು. ಕೆಳಗೆ ತಳ್ಳಿದರೆ "ಕಟಕ್" ಅನ್ನುತ್ತದೆ. ಸದ್ದಿಲ್ಲದ ರಾತ್ರಿಯಲ್ಲಿ ಆ ಕಟಕ್ ನಾಲೆಯ ಆಚೆ ದಡಕ್ಕೂ ಕೇಳುತ್ತದೆ. ಅದಕ್ಕೇ ನಾವು ಹೆಬ್ಬೆರಳು, ತೋರುಬೆರಳಿನ ನಡುವೆ ಲಿವರ್ ಹಿಡಿದು, ಸ್ವಲ್ಪ ಹೊರಕ್ಕೆಳೆದು, ಉಸಿರು ಬಿಡುವಷ್ಟು ನಿಧಾನವಾಗಿ ಇಳಿಸುತ್ತಿದ್ದೆವು. ಇನ್ನೊಂದು, ಮೊದಲ ಮನೆ ಆಟೋ (ನಿಲ್ಲದೆ ಹೊಡೆಯೋದು), ಎರಡನೆಯದು ಸಿಂಗಲ್. ಗಾಬರಿಯಲ್ಲಿ ಅರ್ಧಕ್ಕೆ ನಿಂತರೆ ಆಟೋ. ಹೊಸಬರು ಅರ್ಧ ಮ್ಯಾಗಜೀನ್ ಆಕಾಶಕ್ಕೆ ಹಾರಿಸೋದು ಹೀಗೇ. ಮ್ಯಾಗಜೀನ್ ಖಾಲಿಯಾದದ್ದೂ ಗೊತ್ತಾಗಲ್ಲ, ಖಾಲಿ ಟ್ರಿಗರ್ "ಟಿಕ್" ಅಂದಾಗಲೇ ತಿಳಿಯೋದು. ಇದಕ್ಕೆ ನಮ್ಮ ಮದ್ದು, ತುಂಬುವಾಗ ಮೊದಲ ಮೂರು ಟ್ರೇಸರ್ ಹಾಕೋದು. ಮೊದಲು ಹಾಕಿದ್ದು ಕೊನೆಗೆ ಬರುತ್ತದೆ. ಬೆಂಕಿ ಗೆರೆ ಕಂಡರೆ ಮ್ಯಾಗಜೀನ್ ಬದಲಿಸೋ ಹೊತ್ತು ಬಂತು ಅಂತ.

ಗುರಿಯ ಮಾತು ಬೇಡ. 300 ಮೀಟರ್ ದಾಟಿದರೆ ದೇವರಿಗೆ ಬಿಟ್ಟದ್ದು.

ಆದರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ. ಒಳಗೆ ಎಲ್ಲ ಸ್ವಲ್ಪ ಸ್ವಲ್ಪ ಗಲಗಲ ಅನ್ನುತ್ತದೆ. ಆ ಸಡಿಲವೇ ಅದರ ಗುಟ್ಟು. ಮಣ್ಣು, ಮಸಿ, ಹುಲ್ಲಿನ ಕಡ್ಡಿ ಏನು ಹೋದರೂ ಸರಿಯೋಕೆ ಜಾಗ ಇದೆ. ಪಿಸ್ಟನ್ ಜತೆ ಹಿಂದೆ ಮುಂದೆ ಓಡೋ ಬೋಲ್ಟ್ ಭಾರ, ಸಣ್ಣಪುಟ್ಟ ಕಸಕ್ಕೆ ನಿಲ್ಲಲ್ಲ. ಗುಂಡಿನ ಖೋಖಾ ನೋಡಿ, ಹಿಂದೆ ದಪ್ಪ, ಮುಂದೆ ಸಣ್ಣ. ಕ್ಯಾರೆಟ್ ಹಾಗೆ. ಹಾಗಾಗಿ ಚೇಂಬರ್‌ನಿಂದ ಒಂದಿಷ್ಟು ಎಳೆದರೆ ಸಾಕು, ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮ್ಯಾಗಜೀನ್ ಬಾಳೆಕಾಯಿ ಹಾಗೆ ಬಾಗಿರೋದು, ಇಂಥ ಗುಂಡು ಒಂದರ ಮೇಲೊಂದು ಜೋಡಿಸಿದರೆ ತಾನಾಗಿಯೇ ಬಾಗುತ್ತದೆ.

ಆ ಮ್ಯಾಗಜೀನ್ ಉಕ್ಕಿನದು. ಕಲ್ಲಿಗೆ ಬಿದ್ದರೆ ಕಲ್ಲಿನ ಬಗ್ಗೆ ಯೋಚಿಸಬೇಕು. ಟೆಂಟಿನ ಗೂಟವನ್ನು ಅದರಲ್ಲೇ ಕುಟ್ಟಿದ ಮಹಾನುಭಾವರನ್ನೂ ನೋಡಿದ್ದೇನೆ. ಮಾಡಬೇಡಿ, ಅದು ಬೇರೆ ಮಾತು. ನನ್ನ ಎಕೆಯಲ್ಲಿ ಮಂಜಿನ ಆ ಕತೆ ಬಿಟ್ಟರೆ ರೋಕ್, ಅಂದರೆ ತಡೆ, ಬಂದದ್ದು ಎರಡೇ ಸಲ. ಒಂದು ಹಳೇ ಮ್ಯಾಗಜೀನ್ ಜಜ್ಜಿ ಹೋಗಿ ಗುಂಡು ಮೇಲೆ ಬರದೆ ಆದದ್ದು. ಆ ಜಜ್ಜು ಕಣ್ಣಿಗೆ ಕಾಣುತ್ತಿತ್ತು, ನೋಡದೆ ಇದ್ದದ್ದು ನಾನು. ಇನ್ನೊಂದು ಗುಂಡೇ ಠುಸ್ ಆದದ್ದು. ಎರಡೂ ಸಲ ಕಾಕಿಂಗ್ ಹ್ಯಾಂಡಲ್ ಎಳೆದು ಬಿಟ್ಟೆ, ಮುಂದುವರಿದೆ.

ಇನ್ನು ಬಜೆಟ್. ಜವಾನನ ಬಜೆಟ್ ದುಡ್ಡಲ್ಲ, ತೂಕ. ಇಲ್ಲಿ ನನ್ನ ಹೀರೋ ಸೋಲುತ್ತಾನೆ, ಮುಚ್ಚಿಡಲ್ಲ. ಎಸ್‌ಎಲ್‌ಆರ್‌ನ ಒಂದು ಗುಂಡು ಸುಮಾರು 24 ಗ್ರಾಂ, ಎಕೆಯದು 16ರ ಆಸುಪಾಸು, ಇನ್ಸಾಸ್‌ನದು 12. ಎಸ್‌ಎಲ್‌ಆರ್‌ನ ಒಂದು ಗುಂಡಿನ ತೂಕಕ್ಕೆ ಇನ್ಸಾಸ್‌ನ ಎರಡು. 120 ಗುಂಡು ಹೊರಬೇಕು ಅಂದರೆ ಮ್ಯಾಗಜೀನ್ ಬಿಟ್ಟೇ ಎಸ್‌ಎಲ್‌ಆರ್‌ಗೆ ಮೂರು ಕೆಜಿ ಹತ್ತಿರ, ಎಕೆಗೆ ಎರಡು, ಇನ್ಸಾಸ್‌ಗೆ ಒಂದೂವರೆ. ಉಕ್ಕಿನ ಖಾಲಿ ಮ್ಯಾಗಜೀನ್ ಒಂದೊಂದೂ ಮುನ್ನೂರು ಗ್ರಾಂ ದಾಟುತ್ತದೆ, ನಾಲ್ಕು ಹೊತ್ತರೆ ಅದೇ ಇನ್ನೊಂದು ಕೆಜಿಯ ಮೇಲಾಯಿತು. ಮಡಚೋ ಬಟ್‌ನ ಎಕೆ ಕೈಯಲ್ಲಿ ಹಗುರ ಅನ್ನಿಸಿದರೂ ಎದೆಯ ಮೇಲಿನ ಪೌಚ್ ಆ ಹಗುರವನ್ನು ವಾಪಸ್ ಕಿತ್ತುಕೊಳ್ಳುತ್ತದೆ.

ಆದರೂ ನನಗೆ ಎಕೆಯೇ ಯಾಕೆ? ನನ್ನ ಅಭ್ಯಾಸ ಹೇಳಿಬಿಡುತ್ತೇನೆ. ನಾನು ಕ್ಲೀನಿಂಗ್‌ನಲ್ಲಿ ಸೋಮಾರಿ. ದಿನಾ ಬ್ಯಾರೆಲ್ ಒರೆಸುವ ಪುಲ್‌ಥ್ರೂ ಎಳೆದು ಚಿಂದಿ ಬೆಳ್ಳಗೆ ಬರೋವರೆಗೂ ಕೂರೋ ಜಾತಿಯಲ್ಲ. ಶೇವಿಂಗ್ ಬ್ರಷ್‌ನಲ್ಲಿ ಎರಡು ಸಲ ಒರೆಸಿ ಎದ್ದೆ ಅಂದರೆ ಆಯಿತು. ನನ್ನ ಕೆಲಸವೆಲ್ಲ ಹತ್ತಿರದ್ದು: ಜೋಳದ ಹೊಲ, ಮನೆಗಳ ಸಂದಿ, ಪೈನ್ ಕಾಡು. 100 ಮೀಟರ್‌ಗಿಂತ ದೂರದಲ್ಲಿ ನಾನು ಗುಂಡು ಹೊಡೆದ ಸಂದರ್ಭ ಕೈಬೆರಳಲ್ಲಿ ಎಣಿಸಬಹುದು. ನೀವು ಅಚ್ಚುಕಟ್ಟಿನವರಾ? ಬಯಲಿನಲ್ಲಿ, ಬೆಟ್ಟದಿಂದ ಬೆಟ್ಟಕ್ಕೆ ಗುರಿ ಇಡೋರಾ? ಹಾಗಿದ್ದರೆ ಆಮೇಲೆ ಬಂದ ಸುಧಾರಿಸಿದ ಇನ್ಸಾಸ್ ನಿಮಗೆ ಒಗ್ಗಬಹುದು. ಅಥವಾ 2019ರ ಕೊನೆಯಿಂದ ಬರತೊಡಗಿದ ಸಿಗ್ 716 ರೈಫಲ್, ಅದು ಮತ್ತೆ ಎಸ್‌ಎಲ್‌ಆರ್‌ನ ದೊಡ್ಡ ಗುಂಡಿಗೇ ವಾಪಸ್ ಹೋಗಿದೆ. ಅದನ್ನು ನಾನು ಹಿಡಿದಿಲ್ಲ, ಅದಕ್ಕೆ ಮಾರ್ಕ್ಸ್ ಕೊಡಲ್ಲ.

ಇಷ್ಟನ್ನೂ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಉಕ್ಕಿನ ಮ್ಯಾಗಜೀನಿನ ಮಹಿಮೆಯನ್ನು ಸ್ವಲ್ಪ ಉದ್ದವಾಗಿಯೇ ಹೇಳಿದೆ ಅನ್ನಿ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಚಿಕ್ಕಪ್ಪಾ, ನಮಗೀಗ ಎಕೆ-203 ಬರ್ತಿದೆ" ಅಂದ. ಅಮೇಠಿಯ ಕೊರ್ವಾದಲ್ಲಿ ಆರು ಲಕ್ಷದ ಮೇಲೆ ಮಾಡೋಕೆ 2021ರಲ್ಲಿ ರಷ್ಯಾದವರ ಜತೆ ಒಪ್ಪಂದ ಆಯಿತಲ್ಲ, ಅದೇ. ನನಗೆ ಖುಷಿಯೋ ಖುಷಿ. "ನೋಡು, ನಾನು ಹೇಳಲಿಲ್ವಾ? ಕೊನೆಗೆ ಎಲ್ಲರೂ ಎಕೆಗೇ ಬಂದ್ರು" ಅಂದೆ.

"ಆದರೆ ಇದರ ಮ್ಯಾಗಜೀನೂ ಪ್ಲಾಸ್ಟಿಕ್ಕೇ ಚಿಕ್ಕಪ್ಪಾ."

ನಾನು ಒಂದು ಕ್ಷಣ ಸುಮ್ಮನಾದೆ. ಈಗಿನ ಪ್ಲಾಸ್ಟಿಕ್ ಬೇರೆ, ಆಗಿನದು ಬೇರೆ, ಅದು ನನಗೂ ಗೊತ್ತು. ಇದು ಗಟ್ಟಿ ಪಾಲಿಮರ್.

"ತುಟಿ ಮೇಲೆ ಉಗುರಾಡಿಸಿ ನೋಡಿದ್ಯಾ?" ಅಂದೆ.